ಅಬ್ಬಾಸ್ ಬಿಟ್ಟ ಎರಡು ತೂತು

ಮೀನಿನ ಪಿಕಪ್ಪನ್ನು ಸಾವಿನ ಮನೆಯವರೆಗೂ ಒಯ್ಯುವ ಧೈರ್ಯ ಸಾಲದೆ ಡೆರಿಕ್ ಅದನ್ನು ಕುಂದೂರು ರಸ್ತೆಯ ಮರದ ಡಿಪೋ ಹಿಂದಕ್ಕೆ ರಿವರ್ಸ್ ಹಾಕುತ್ತಿದ್ದ. ಪಕ್ಕದಲ್ಲಿದ್ದ ಹೆಂಡತಿ ಜೋವಿಟಾ ಹಿಂದೆ ತಿರುಗಿ ನೋಡಿದಳು.

"ಶೆಡ್ಡಿನ ಹತ್ರಾನೇ ಜಾಗ ಐತಲ್ಲ. ಯಾಕ್ ಇಷ್ಟು ದೂರ?"

"ವಾಸನೆ ಬರುತ್ತೆ."

"ಹತ್ತು ವರ್ಷದಿಂದ ಇದೇ ವಾಸನೆ ಅಲ್ಲೇ ನಿಂತಿರ್ತಿತ್ತು," ಎಂದಳು ಅವಳು. "ಅಬ್ಬಾಸಣ್ಣ ಸತ್ತೋದ್ರು. ಸತ್ತೋರ ಮೇಲೆ ಎಂಥ ಸಿಟ್ಟು ನಿಮಗೆ? ಬುಟ್ಬುಡಿ."

ಸಿಟ್ಟಂತೆ. ಸಿಟ್ಟಾಗಿದ್ದರೆ ಎಷ್ಟೋ ಸುಖವಿತ್ತು, ಬೈದು ಮುಗಿಸಬಹುದಿತ್ತು. ಡೆರಿಕ್‌ನ ಹೊಟ್ಟೆಯೊಳಗೆ ಇದ್ದದ್ದು ನಾಚಿಕೆ, ಅದೂ ಎಂಟು ತಿಂಗಳ ಹಳೆಯದು. ಹೆಂಡತಿಗೂ ಹೇಳಿರಲಿಲ್ಲ.

ಟಿಂಕರ್ ಅಬ್ಬಾಸ್ ಅಂದರೆ ಆಲೂರಿನಲ್ಲಿ ಗಾಡಿ ಇಟ್ಟವರಿಗೆಲ್ಲ ಗೊತ್ತು. ನಲವತ್ತು ವರ್ಷ ಜೀಪು, ಪಿಕಪ್ಪು, ಲಾರಿಗಳ ತಗಡು ತಟ್ಟಿದ ಮನುಷ್ಯ. ಮನೆ ಮುಂದೆಯೇ ಶೆಡ್ಡು. ಈಗ ಆ ಶೆಡ್ಡಿನಲ್ಲಿ ಗಾಡಿ ನಿಲ್ಲುವ ಜಾಗದಲ್ಲಿ ಅಬ್ಬಾಸನನ್ನು ಮಲಗಿಸಿದ ಜನಾಜಾ ಇಟ್ಟಿದ್ದರು. ಜೋವಿಟಾ ಅಬ್ಬಾಸನ ಹೆಂಡತಿ ಮರಿಯಮ್ ಬೀಯನ್ನು ನೋಡಲು ಒಳಗೆ ಹೋದಳು. ಡೆರಿಕ್ ಗೋಡೆಗೆ ಒರಗಿ ಗಂಡಸರ ಹಿಂದೆ ನಿಂತ.

"ನಮ್ಮ ಎಸ್ಟೇಟ್ ಜೀಪಿಗೆ ಬಾಗಿಲು ಮಾಡ್ಕೊಟ್ಟೋನು ಕಣ್ರೀ," ಎನ್ನುತ್ತಿದ್ದರು ಹೆತ್ತೂರು ಕಡೆಯ ರೈಟರ್ ಶಾಂತಮಲ್ಲಪ್ಪ. "ಹದಿನಾರು ವರ್ಷ ಆಯ್ತು. ಇವತ್ತಿಗೂ ಒಂದು ಬೆರಳಲ್ಲಿ ತಳ್ಳಿದ್ರೆ ಕೂರ್ತೈತೆ."

"ಎಂಟೊಂಬತ್ತು ತಿಂಗಳಿಂದ ಗಾಡಿನೇ ಬರ್ತಿರ್ಲಿಲ್ಲ ಬುಡಿ," ಎಂದಳು ಎದುರು ಟೀ ಅಂಗಡಿಯ ನಂಜಮ್ಮ. "ಬಕೀಟಿನ ಹಿಡಿ, ಒಲೆ ಕಾಲು, ಇಂಥವೇ. ನಾನು ಕೇಳ್ದೇ ಇದ್ರೂ ಬೆಂಚಿಗೆ ಕಬ್ಬಿಣದ ಕಾಲು ಹಾಕ್ಕೊಟ್ಟ. ಸುಮ್ನೆ ಕೂತ್ರೆ ಕೈ ನೋಯ್ತವೆ ನಂಜಮ್ಮ, ಅಂತಿದ್ದ. ಯಾರೋ ಆಡಿದ ಒಂದು ಮಾತು..."

ಅಷ್ಟರಲ್ಲಿ ಡೆರಿಕ್‌ನನ್ನು ಕಂಡು ಮಾತು ನುಂಗಿಕೊಂಡಳು. ಪಾಪ, ತಾನೇ ಏನೋ ತಪ್ಪು ಮಾಡಿದವಳಂತೆ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.

*

ಎರಡು ವರ್ಷದ ಹಿಂದೆ ಪಿಕಪ್ಪಿನ ಕ್ಯಾಬಿನ್ ಫ್ಲೋರು ತುಕ್ಕು ಹಿಡಿದು ಹಪ್ಪಳವಾಗಿತ್ತು. ಆಗದೆ ಏನು? ಬೆಲೆಬಾಳುವ ಅಂಜಲ್ ಮೀನಿನ ಪೆಟ್ಟಿಗೆಯನ್ನು ಡೆರಿಕ್ ಹಿಂದಕ್ಕೆ ಹಾಕುತ್ತಿರಲಿಲ್ಲ, ಕಳ್ಳರಿಗೆ ಹೆದರಿ ಮಂಗಳೂರಿನಿಂದ ಘಾಟಿಯುದ್ದಕ್ಕೂ ಕ್ಯಾಬಿನ್ನಿನೊಳಗೆ ಪಕ್ಕದ ಸೀಟಿನ ಕಾಲ ಬಳಿಯೇ ಇಟ್ಟು ತರುತ್ತಿದ್ದ. ಐಸು ಕರಗಿ ಉಪ್ಪುನೀರು ಮ್ಯಾಟಿನಡಿ ಇಳಿಯುತ್ತಿತ್ತು.

ಅಬ್ಬಾಸ್ ಮ್ಯಾಟು ಎತ್ತಿ ಸಣ್ಣ ಸುತ್ತಿಗೆಯಿಂದ ತಟ್ಟಿದ. "ಗಟ್ಟಿ ತಗಡು ಮಾತಾಡ್ತೈತೆ. ಇದು ಬರೀ ಕೆಮ್ತೈತೆ. ಎಲ್ಲಾ ಕಿತ್ತು ಹೊಸಾದು ಹಾಕ್ಬೇಕು."

"ಮೇಲೊಂದು ಶೀಟು ಬಡಿದ್ಬುಡು ಮಾರಾಯ, ಯಾರ್ ನೋಡ್ತಾರೆ?"

"ಹುಣ್ಣಿನ ಮೇಲೆ ಹೊಸ ಅಂಗಿ ಹಾಕಿದ್ರೆ ವಾಸಿ ಆಗುತ್ತಾ ಡೆರಿಕಣ್ಣ?"

ಆರು ದಿನ ತೆಗೆದುಕೊಂಡ. ಸೀಟು ಬಿಚ್ಚಿ, ಕೊಳೆತದ್ದನ್ನೆಲ್ಲ ಒಳ್ಳೆಯ ಲೋಹ ಸಿಗುವವರೆಗೂ ಕತ್ತರಿಸಿ, ಅಡಿಯ ಪಟ್ಟಿಗಳನ್ನೂ ಬದಲಿಸಿ, ಹೊಸ ತಗಡು ಕೂರಿಸಿ ಬೆಸುಗೆ ಹಾಕಿದ. ತಗ್ಗಿನ ಅಂಚಿನಲ್ಲಿ ರೂಪಾಯಿ ಅಗಲದ ಎರಡು ತೂತು ಬಿಟ್ಟ.

"ನೀರು ಬರ್ದಂಗೆ ಮಾಡೋಕೆ ನಿಮ್ಮ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ. ಬಂದ ನೀರು ಹೋಗ್ಲಿ ಅಂತ ಬಿಟ್ಟೀನಿ. ಮುಚ್ಚಬೇಡಿ."

ಡೆರಿಕ್ ಫೋನಿನಲ್ಲಿ ಬಂಗುಡೆಯ ರೇಟು ಕೇಳುತ್ತಿದ್ದ. ಹೂಂ ಅಂದ.

ಬೇಸಿಗೆಯಲ್ಲಿ ಆ ತೂತುಗಳಿಂದ ಧೂಳೆದ್ದು ಮುಖಕ್ಕೆ ಬರತೊಡಗಿತು. ಟಿಂಕರ್ ಕೆಲಸ ಅರ್ಧಕ್ಕೆ ಬಿಟ್ಟಿದ್ದಾನೆ ಎಂದುಕೊಂಡ ಡೆರಿಕ್, ಬಿಸಿಲಿಗೆ ಮೆತ್ತಗಾದ ರಸ್ತೆಯ ಡಾಂಬರನ್ನು ಉಂಡೆ ಮಾಡಿ ಎರಡನ್ನೂ ಮುಚ್ಚಿದ. ಮೇಲೆ ಮ್ಯಾಟು ಹಾಸಿದ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ.

ಒಂದು ಮಳೆಗಾಲ ಸಾಕಾಯಿತು. ಕುಂದೂರು ತಿರುವಿನಲ್ಲಿ ಜೋವಿಟಾಳ ಕಾಲು ಫ್ಲೋರಿನೊಳಗೆ ಇಳಿದೇಬಿಟ್ಟಿತು. ಕಣಕಾಲಿಗೆ ನಾಲ್ಕು ಹೊಲಿಗೆ ಬಿತ್ತು. ಅವತ್ತಿನ ಸಂತೆಯಲ್ಲೇ ಡೆರಿಕ್ ತುಕ್ಕಿನ ತುಂಡನ್ನು ಎತ್ತಿ ಹಿಡಿದು ತೋರಿಸಿದ. "ನೋಡ್ರಪ್ಪ ಅಬ್ಬಾಸನ ಕೆಲಸ. ಡಬ್ಬದ ತಗಡು ಹಾಕಿ ಹೊಸಾದು ಅಂದ." ನಾಲ್ಕು ಸಂತೆ ಇದೇ ಹಾಡು. ಬಾಯಿಗೇನು, ಬೀಗ ಇಲ್ಲ.

ಆಮೇಲೆ ಗಾಡಿಯನ್ನು ಕೆ. ಹೊಸಕೋಟೆಯ ಕುಳ್ಳಯ್ಯನ ಬಳಿ ಬಿಟ್ಟ. ಕುಳ್ಳಯ್ಯ ಅಬ್ಬಾಸನ ಹತ್ತಿರವೇ ಕೆಲಸ ಕಲಿತವನು. ಕೊಳೆತ ಫ್ಲೋರು ಕತ್ತರಿಸುವಾಗ ಅವನಿಗೆ ಡಾಂಬರಿನ ಎರಡು ಉಂಡೆ ಸಿಕ್ಕವು.

"ಈ ತೂತು ಯಾರು ಮುಚ್ಚಿದ್ದು?"

"ನಾನೇ. ಧೂಳು ಬರ್ತಿತ್ತು."

"ಹಂಗಾದ್ರೆ ನೀರು ಎಲ್ಲಿಗೆ ಹೋಗ್ಬೇಕಿತ್ತು?"

ಡೆರಿಕ್‌ನ ಕಿವಿ ಬಿಸಿಯಾಯಿತು. "ಯಾರಿಗೂ ಹೇಳ್ಬೇಡ ಕಣೋ," ಎಂದ.

"ನಾನು ಹೇಳಲ್ಲ," ಎಂದ ಕುಳ್ಳಯ್ಯ. "ನೀವೇ ಹೇಳ್ರಿ."

ನಾಳೆ ಹೇಳಿದರಾಯಿತು, ಈ ಸಂತೆ ಕಳೆಯಲಿ, ಹಬ್ಬ ಕಳೆಯಲಿ. ಎಂಟು ತಿಂಗಳು ಹೀಗೇ ಹೋಯಿತು. ಅಬ್ಬಾಸ್ ಒಮ್ಮೆಯೂ ಜಗಳಕ್ಕೆ ಬರಲಿಲ್ಲ.

*

ಶೆಡ್ಡಿನಲ್ಲಿ ಮಸೀದಿಯ ಹಜರತ್ ಎದ್ದು ನಿಂತರು. "ಇವರ ಕೈಯಿಂದ, ಬಾಯಿಂದ ಯಾರಿಗಾದರೂ ನೋವಾಗಿದ್ದರೆ ಮನೆಯವರಿಗೆ ಹೇಳಿ. ಇಲ್ಲವಾದರೆ ಮಾಫ್ ಮಾಡಿ."

ಪ್ರತಿ ಜನಾಜಾದಲ್ಲೂ ಕೇಳುವ ಮಾತು. ಸತ್ತವನಿಂದ ಯಾರಿಗೆ ನೋವಾಯಿತು ಎಂದು ಕೇಳುತ್ತಾರೆ. ಸತ್ತವನನ್ನು ನೋಯಿಸಿದವರು ಯಾರು ಎಂದು ಕೇಳುವ ಪದ್ಧತಿ ಇಲ್ಲ. ಜನ "ಮಾಫ್, ಮಾಫ್" ಎಂದು ಗುನುಗಿದರು. ಒಂದೆರಡು ತಲೆಗಳು ಡೆರಿಕ್‌ನತ್ತ ತಿರುಗಿದವು. ಅಬ್ಬಾಸನ ಮಗ ಜಾಹಿದ್ ನೇರ ಅವನ ಬಳಿಗೇ ಬಂದು ಎರಡೂ ಕೈ ಹಿಡಿದುಕೊಂಡ.

"ಡೆರಿಕಣ್ಣ, ನಿಮ್ಮ ಗಾಡಿ ವಿಷಯ ಅಬ್ಬಾಗೆ ಕೊನೆವರೆಗೂ ಕೊರೀತಿತ್ತು. ಅಕ್ಕನ ಕಾಲಿಗೆ ಹಂಗಾಯ್ತಲ್ಲ ಅಂತ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ಲೇ ಇಲ್ಲ ಅಂತಿದ್ರು. ಮಾಫ್ ಮಾಡ್ಬುಡಿ."

ಹೇಳಬೇಕಿತ್ತು. ಅದೇ ಹೊತ್ತು, ಅದೇ ಜಾಗ, ಊರೇ ಸೇರಿತ್ತು. ಡೆರಿಕ್ ಬಾಯಿ ತೆರೆದ.

"ಮಾಡಿದೀನಿ," ಎಂದ. "ಯಾವಾಗ್ಲೋ ಮಾಡಿದೀನಿ."

ಜಾಹಿದ್ ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡ. "ದೊಡ್ಡ ಮನಸ್ಸು ಕಣ್ರೀ," ಎಂದರು ಶಾಂತಮಲ್ಲಪ್ಪ. ತಾನು ಮುಳುಗಿಸಿದವನನ್ನು ತಾನೇ ಕ್ಷಮಿಸಿದ್ದಕ್ಕೆ ಡೆರಿಕ್‌ಗೆ ಸಿಕ್ಕ ಹೊಗಳಿಕೆ ಅದು.

ಜನಾಜಾ ಎತ್ತುವಾಗ ಜಾಹಿದ್ ಅವನನ್ನು ಎಳೆದುಕೊಂಡು ಹೋಗಿ ಮುಂದಿನ ಬಲಗಡೆ ಹೆಗಲು ಕೊಡಿಸಿದ. ಎಡಗಡೆಗೆ ತಾನು ನಿಂತ. ಹಿಂದೆ ಹೆಗಲು ಕೊಟ್ಟವರಲ್ಲಿ ಒಬ್ಬ ಕುಳ್ಳಯ್ಯ. ಎಲ್ಲರೂ ದೇವರ ನಾಮದ ಕಲಿಮಾ ಹೇಳುತ್ತ ಹೊರಟರು. ಹತ್ತು ಹೆಜ್ಜೆಗೊಬ್ಬರು ಬಂದು ಹೆಗಲು ಬದಲಿಸುವುದು ರೂಢಿ. ಯಾರೋ ಬಂದು "ಬುಡ್ರಿ, ನಮಗೂ ಸಿಗ್ಲಿ," ಎಂದರು. ಡೆರಿಕ್ ಬಿಡಲಿಲ್ಲ.

"ತೂತು ಮುಚ್ಚಿದ್ದು ನಾನು," ಎಂದ. ಕಲಿಮಾದ ನಡುವೆ ಅದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಜೋರಾಗಿ ಹೇಳ್ರಿ," ಎಂದ ಹಿಂದಿನಿಂದ ಕುಳ್ಳಯ್ಯ.

ಖಬರಸ್ತಾನದ ಗೇಟು ಕಿರಿದು. ಒಳಗೆ ತಿರುಗಿಸಲು ಎಲ್ಲರೂ ನಿಂತರು. ಕಲಿಮಾ ಒಂದು ಕ್ಷಣ ತಡೆಯಿತು.

"ಜಾಹಿದ್," ಎಂದ ಡೆರಿಕ್. ಈ ಸಲ ಗೇಟಿನಾಚೆಯವರಿಗೂ ಕೇಳಿಸಿತು. "ನಿಮ್ಮಪ್ಪ ನೀರು ಹೋಗೋಕೆ ತೂತು ಬಿಟ್ಟಿದ್ರು. ಮುಚ್ಚಬೇಡಿ ಅಂದಿದ್ರು. ನಾನು ಡಾಂಬರು ಮೆತ್ತಿ ಮುಚ್ದೆ. ಫ್ಲೋರು ಕೊಳೆತದ್ದು ಅದಕ್ಕೆ. ಎಂಟು ತಿಂಗಳಿಂದ ನಂಗೊತ್ತು."

ಹೆಗಲ ಮೇಲೆ ಅಪ್ಪನಿದ್ದ ಜಾಹಿದ್‌ಗೆ ತಿರುಗಿ ನೋಡಲೂ ಆಗುತ್ತಿರಲಿಲ್ಲ.

"ಸಾಕು," ಎಂದ ಕೊನೆಗೆ. "ಹೆಗಲು ಬಿಡಿ."

ಕುಳ್ಳಯ್ಯ ಹಿಂದಿನ ಜಾಗ ಇನ್ನೊಬ್ಬರಿಗೆ ಕೊಟ್ಟು ಮುಂದೆ ಬಂದ. ಡೆರಿಕ್‌ನ ಪಕ್ಕದಿಂದ ತನ್ನ ಹೆಗಲು ತೂರಿಸಿ ಭಾರ ತೆಗೆದುಕೊಂಡ. ಕಲಿಮಾ ಮತ್ತೆ ಶುರುವಾಯಿತು. ಜನರೆಲ್ಲ ಡೆರಿಕ್‌ನ ಎರಡೂ ಬದಿಯಿಂದ ಹಾದು ಗೇಟಿನೊಳಗೆ ಹೋದರು. ಅವನು ಹೊರಗೆ ರಸ್ತೆಯಲ್ಲಿ ಉಳಿದ. ಅವನ ಬಲಗೈ ಇನ್ನೂ ಮೇಲೆಯೇ ಇತ್ತು, ಹೆಗಲು ಏನನ್ನೋ ಹೊತ್ತವರ ಹಾಗೆ ಒಂದು ಕಡೆಗೆ ಬಾಗಿಯೇ ಇತ್ತು.