ಚಾವಣಿಗೂ ಟ್ರಂಕಿಗೂ ನಡುವೆ

ಬೆಳಿಗ್ಗೆ ಭಾಗ್ಯಶ್ರೀ ಮಡಿಚಿ ತೂರಿಸಿದ್ದ ಚಾಪೆ ಸಂಜೆ ಹೊರಗೆ ಬರಲಿಲ್ಲ.

ಟಿ. ದಾಸರಹಳ್ಳಿಯ ಆ ಬಾಡಿಗೆ ಕೋಣೆಯಲ್ಲಿ ಜಾಗವೆಂದರೆ ಮೇಲಕ್ಕೇ. ಕಬ್ಬಿಣದ ಬೀರು, ಅದರ ಮೇಲೆ ಎರಡು ಟ್ರಂಕು, ಟ್ರಂಕಿಗೂ ಚಾವಣಿಗೂ ನಡುವಿನ ಸಂದಿನಲ್ಲಿ ಚಾಪೆ. ಸ್ಟೂಲು ಹತ್ತಿ ಎಳೆದರೆ ದಿನವೂ ಸಲೀಸಾಗಿ ಜಾರಿ ಬರುತ್ತಿದ್ದುದು ಇವತ್ತು ಗೋಡೆಯಲ್ಲಿ ಹುಗಿದಂತೆ ಕೂತಿತ್ತು.

“ಬಿ.ಎಸ್ಸಿ. ಓದಿದಾಕಿಗೆ ಒಂದು ಚಾಪಿ ಜಗ್ಗಾಕ ಬರಂಗಿಲ್ಲ,” ಎಂದ ಗಂಡ ಸಂಗಣ್ಣ. “ಇಳಿ, ನಾ ಟ್ರಂಕನ್ನ ಎಳೀತೀನಿ.”

ಅವಳು ಇಳಿದಳು. ಇಳಿಯುವಾಗ ಬೀರಿನ ಬಾಗಿಲಿನ ಹಿಡಿ ಹಿಡಿದಳು, ಬಾಗಿಲು ಬಿಗಿದುಕೊಂಡಿತ್ತು. ಪಕ್ಕದ ತಗಡು ಹೊಟ್ಟೆ ಬಂದಂತೆ ಉಬ್ಬಿತ್ತು. ಮಧ್ಯಾಹ್ನವೆಲ್ಲ ತಲೆಯ ಮೇಲೆ ದಡ್ ದಡ್ ಸದ್ದು ಕೇಳಿದ್ದು ಆಗ ನೆನಪಾಯಿತು. ಮನೆ ಮಾಲೀಕ ಮುತ್ತಣ್ಣ ಮೇಲಿನ ತನ್ನ ಮನೆಗೆ ನೆಲಹಾಸು ಮಾಡಿಸಲು ಗ್ರಾನೈಟ್ ತರಿಸಿದ್ದ. ಆಳುಗಳು ಅದನ್ನೆಲ್ಲ ಈ ಕೋಣೆಯ ನೇರ ಮೇಲಿರುವ ಹಾಲ್‌ನ ನಡುವೆ ಒಂದರ ಮೇಲೊಂದು ಪೇರಿಸಿ ಹೋಗಿದ್ದರು.

ಬೆಳಿಗ್ಗೆ ಆ ಟ್ರಂಕಿನ ಮೇಲಿದ್ದದ್ದು ಚಾಪೆಯ ಭಾರ ಮಾತ್ರ. ಟ್ರಂಕುಗಳ ಭಾರ ಬೀರಿಗೆ, ಅಷ್ಟೂ ಸೇರಿ ನೆಲಕ್ಕೆ. ನೆಲವೂ ಅಷ್ಟನ್ನೇ ತಿರುಗಿ ಮೇಲಕ್ಕೆ ಒತ್ತುತ್ತಿತ್ತು. ಅಲುಗಾಡದೆ ಕೂತ ವಸ್ತುಗಳ ಈ ಒತ್ತಾಟ ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ ಚಾವಣಿ ಬಾಗಿ ಚಾಪೆಯ ಮೇಲೆ ಕೂತಿದೆ. ಟ್ರಂಕು ಅದನ್ನು ಕೆಳಗಿನಿಂದ ಎತ್ತಿ ಹಿಡಿದಿದೆ.

ಅವಳು ಗಂಡನತ್ತ ತಿರುಗಿದಳು. ಸಂಗಣ್ಣನ ಎರಡೂ ಕೈ ಟ್ರಂಕಿನ ಹಿಡಿಕೆಯ ಮೇಲಿದ್ದವು.

“ಕೈ ತೆಗೀರಿ. ಮೆಲ್ಲಕ.”

“ಯಾಕ, ಹಾವೈತೇನ?”

“ಈ ಟ್ರಂಕಿನ ಮ್ಯಾಲೆ ಮ್ಯಾಲಿನ ಮನಿ ಕುಂತೈತಿ.”

ಅವನು ನಗುತ್ತ ತಲೆ ಎತ್ತಿದ. ಚಾವಣಿಯ ಸುಣ್ಣ ಬೀರಿನ ನೇರಕ್ಕೆ ಕೂದಲೆಳೆಯಂತೆ ಬಿರುಕು ಬಿಟ್ಟಿತ್ತು. ನಗು ಅರ್ಧಕ್ಕೇ ನಿಂತಿತು. ಕೈಗಳು ಹಿಡಿಕೆ ಬಿಟ್ಟವು.

ಮೂಲೆಯಲ್ಲಿ ಅತ್ತೆ ಶೇಖವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೆದರಿದರೆ ಆಕೆ ಕೂತಲ್ಲಿಂದ ಏಳುವುದಿಲ್ಲವೆಂದು ಭಾಗ್ಯಶ್ರೀಗೆ ಗೊತ್ತಿತ್ತು.

“ಅತ್ತೀ, ಹೊರಗ ಬರ್ರಿ. ನಿಮ್ಮನ್ನ ಯಾರೋ ಕೇಳಾಕತ್ತಾರ.”

“ಈ ಊರಾಗ ನನ್ನ ಕೇಳವ್ರು ಯಾರವ್ವಾ?” ಎನ್ನುತ್ತ ಮೊರ ಹಿಡಿದೇ ಶೇಖವ್ವ ಹೊರಗೆ ನಡೆದಳು. ಸಂಗಣ್ಣ ಹಿಂದೆಯೇ ಹೋದ.

ಮೆಟ್ಟಿಲ ಬಳಿ ಮುತ್ತಣ್ಣ ಮೊಬೈಲು ನೋಡುತ್ತ ನಿಂತಿದ್ದ. ಭಾಗ್ಯಶ್ರೀ ಹೇಳಿದ್ದನ್ನು ಕೇಳಿ ನಕ್ಕ. “ಚಾಪೆ ಸಿಕ್ಕಾಕೊಂಡ್ರೆ ಬಿಲ್ಡಿಂಗ್ ಬಿದ್ದೋಗುತ್ತೇನಮ್ಮಾ? ಯಾವ ಕಾಲದಿಂದ ನಿಂತೈತೆ ಇದು.”

“ಒಳಗೆ ಹೋಗ್ಬೇಡಿ ಅಂಕಲ್. ಬಾಗ್ಲಲ್ಲೇ ನಿಂತು ಬೀರು ನೋಡಿ.”

ಅವನು ಇಣುಕಿದ. ಅಷ್ಟರಲ್ಲಿ ಉಬ್ಬಿದ ತಗಡು ಟಕ್ಕೆಂದಿತು. ಹೊಸ್ತಿಲ ಮೇಲಿಟ್ಟ ಕಾಲನ್ನು ಅವನು ಹಿಂದಕ್ಕೆ ತೆಗೆದ.

“ಹಂಗಾದ್ರೆ... ನಮ್ಮನೆ ಈಗ ನಿಂತಿರೋದು ನಿಮ್ಮ ಬೀರು ಮೇಲಾ?”

“ಗೊತ್ತಿಲ್ಲ. ತೆಗೆದು ನೋಡೋದು ಬೇಡ. ಮೇಲೆ ಯಾರಿದಾರೆ?”

ಮುತ್ತಣ್ಣ ತಲೆ ಎತ್ತಿದ. ಮೇಲಿನಿಂದ ಪೊರಕೆಯ ಸದ್ದು ಬರುತ್ತಿತ್ತು. ಯಾರೋ ಕಲ್ಲಿನ ಧೂಳು ಗುಡಿಸುತ್ತಿದ್ದರು. ಅವನು ಬೀದಿಯ ನಡುವಿಗೆ ಓಡಿದ. ಹೆಂಡತಿಯನ್ನು ‘ಲೇ’, ‘ಇವಳೇ’ ಎಂದಲ್ಲದೆ ಕರೆದವನಲ್ಲ ಅವನು.

“ವೆಂಕಟಲಕ್ಷ್ಮೀ,” ಎಂದು ಕೂಗಿದ. “ವೆಂಕಟಲಕ್ಷ್ಮೀ, ಪೊರಕೆ ಬಿಟ್ಟು ಇಳಿದು ಬಾ.”

ಆಕೆಗೆ ಹೆಸರೊಂದಿದೆ ಎಂದು ಅಕ್ಕಪಕ್ಕದವರಿಗೆ ಅಂದೇ ತಿಳಿದದ್ದು.