ಹೆಜ್ಜೆಯ ಹೆಸರು

ಅಂಕ ಸಮ ಆಗಿತ್ತು. ಪ್ರಮಿಳಾಗೆ ತೊಂಬತ್ತು, ಪಕ್ಕದ ಮೇಜಿನ ಮೇಲಿದ್ದ ಕಂಪ್ಯೂಟರಿಗೂ ತೊಂಬತ್ತು. ಉಳಿದದ್ದು ಒಂದೇ ಪ್ರಶ್ನೆ. ಟಿಳಕವಾಡಿಯ ಆ ಸಣ್ಣ ಸ್ಟುಡಿಯೋದಲ್ಲಿ ಏಸಿ ಗುಂಯ್ ಅನ್ನುತ್ತಿದ್ದರೂ ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಚಾನೆಲ್ಲಿನವರು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಜಾಣಪ್ಪ ಎಂದು ಹೆಸರಿಟ್ಟು ಕೂಡಿಸಿದ್ದರು. ಅದಕ್ಕೆ ಬೆವರೂ ಇಲ್ಲ, ಬಾಯಾರಿಕೆಯೂ ಇಲ್ಲ, ಪುಣ್ಯವಂತ.

ಐದು ವಾರದಿಂದ ಜಾಣಪ್ಪ ಯಾರನ್ನೂ ಗೆಲ್ಲಗೊಟ್ಟಿರಲಿಲ್ಲ. ರವಿವಾರ ಪೇಟೆಯ ವ್ಯಾಪಾರಸ್ಥರ ಮಗನೊಬ್ಬ, ಕೋಚಿಂಗಿಗೆ ಹೋಗಿ ಬಂದವನು, ಅರ್ಧಕ್ಕೇ ಮುಖ ಸಣ್ಣಗೆ ಮಾಡಿಕೊಂಡು ಎದ್ದುಹೋಗಿದ್ದ. ಗೆದ್ದವರಿಗೆ ನರ್ಸಿಂಗ್ ಕಾಲೇಜಿನ ಸೀಟು, ಹಾಸ್ಟೆಲ್ ಸಮೇತ. ಪಿಯುಸಿ ಮುಗಿಸಿ ಎರಡು ವರ್ಷದಿಂದ ಗುಂಜಿಯ ಅಡವಿಯಲ್ಲಿ ಅವ್ವನ ಜೊತೆ ಆಡು ಕಾಯುತ್ತಿದ್ದ ಪ್ರಮಿಳಾಗೆ ಬೇರೆ ದಾರಿಯೇ ಇರಲಿಲ್ಲ. ಟಿವಿಯಲ್ಲಿ ನೇರ ಪ್ರಸಾರವಾಗುತ್ತಿದ್ದ ಈ ಸ್ಪರ್ಧೆಗೂ ಇದು ಕೊನೆಯ ವಾರ. ಈ ಬಾಗಿಲು ಮುಚ್ಚಿದರೆ ಮುಚ್ಚಿದಂತೆಯೇ.

ಚೀಟಿ ಎತ್ತಿದಾಗ ಮೊದಲ ಅವಕಾಶ ಅವಳಿಗೇ ಬಂತು. ಪರದೆಯ ಮೇಲೆ ಹಸಿ ಕೆಸರಿನಲ್ಲಿ ಮೂಡಿದ ಒಂದು ಹೆಜ್ಜೆ, ಅಳತೆಗೆಂದು ಬಾಜುವಿಗೆ ಒಂದು ಕಡ್ಡಿಪೆಟ್ಟಿಗೆ. ಇದು ಯಾವ ಪ್ರಾಣಿಯದು, ಹತ್ತು ಸೆಕೆಂಡಿನಲ್ಲಿ ಹೇಳಬೇಕು ಎಂದರು ನಿರೂಪಕ ಪದ್ಮಾಕರ.

ಪ್ರಮಿಳಾಗೆ ನಗು ಬರುವುದೊಂದು ಬಾಕಿ. ಕಳೆದ ಮಳೆಗಾಲದಲ್ಲಿ ಹಳ್ಳದ ದಂಡೆಯಲ್ಲಿ ಇಂಥದೇ ಹೆಜ್ಜೆಯ ಮೇಲೆ ಅಂಗೈ ಇಟ್ಟು ನೋಡಿದ್ದಳು. ಅಂಗೈ ಸಾಲದೆ ಹೋಗಿತ್ತು.

"ದೊಡ್ಡದು," ಎಂದಳು.

"ದೊಡ್ಡದು ಅಂದ್ರ ಹೆಂಗ್ರೀ? ಹೆಸರು ಹೇಳಬೇಕು. ಏಳು ಸೆಕೆಂಡ್ ಅದ."

ಆಗ ಅವಳಿಗೆ ನೆನಪಾಯಿತು. ಆಡು ಅಡವಿಯಲ್ಲಿದ್ದಾಗ ಅವರ ಮನೆಯಲ್ಲಿ ಅದರ ಹೆಸರು ಯಾರೂ ತೆಗೆಯುವುದಿಲ್ಲ. ದೊಡ್ಡದು ಎಂದೇ ಹೇಳುತ್ತಾರೆ. ಹೆಸರು ತೆಗೆದರೆ ಅದನ್ನು ಕರೆದಂತೆ. ಹಿಂದಿನ ವರ್ಷ ಚಿಕ್ಕಪ್ಪ ಬೀರೇಶ ಕಟ್ಟೆಯ ಮೇಲೆ ಕೂತು ನಗುನಗುತ್ತಾ ಹೆಸರು ಹೇಳಿದ್ದ. ಸಂಜೆಗೆ ಎರಡು ಆಡು ಮನೆಗೆ ಬರಲಿಲ್ಲ. ಹೆಸರಿಗೂ ಅದಕ್ಕೂ ಏನು ಸಂಬಂಧ ಎಂದು ಆವತ್ತು ಅವ್ವನ ಜೊತೆ ಜಗಳವಾಡಿದವಳು ಇದೇ ಪ್ರಮಿಳಾ. ಅವಳೇನು ಇದನ್ನೆಲ್ಲ ನಂಬುವವಳಲ್ಲ.

ಆದರೆ ಈಗ ಹನ್ನೊಂದು ಗಂಟೆ. ಅವ್ವ ಆಡು ಹೊಡೆದುಕೊಂಡು ಹಳ್ಳ ದಾಟಿರುತ್ತಾಳೆ, ಒಬ್ಬಳೇ. ಕೈಯಲ್ಲೊಂದು ಕೋಲು, ಅಷ್ಟೇ.

ಇಂಗ್ಲಿಷಿನಲ್ಲಿ ಹೇಳಿಬಿಡಲೇ ಎನಿಸಿತು. ಮರಾಠಿಯಲ್ಲಿ? ಖಾನಾಪುರದ ಅಡವಿಯಲ್ಲಿರುವ ಆ ದೊಡ್ಡದಕ್ಕೆ ಮರಾಠಿ ಬರುವುದಿಲ್ಲವೇನು, ಎಲ್ಲಾ ತಿಳಿಯುತ್ತದೆ ಎನ್ನುತ್ತಿದ್ದಳು ಅವ್ವ. ಸಿಟ್ಟು ಬಂತು, ಅವ್ವನ ಮೇಲೆ, ತನ್ನ ಮೇಲೆ. ಬಾಯಿ ತೆರೆದಳು. ಕೆಂಪು ಅಂಕಿ ಮೂರಾಯಿತು, ಎರಡಾಯಿತು. ನಾಲಗೆ ಏಳಲಿಲ್ಲ.

ಗಂಟೆ ಬಡಿಯಿತು.

"ಹುಲಿ," ಎಂದಿತು ಜಾಣಪ್ಪ, ನಯವಾದ ದನಿಯಲ್ಲಿ. ಅದರವರು ಯಾರೂ ಅಡವಿಯಲ್ಲಿ ಇರಲಿಲ್ಲ.

ಚಪ್ಪಾಳೆಯಾಯಿತು. ಪದ್ಮಾಕರರು ಒಂದು ಗಡಿಯಾರ ಕೊಟ್ಟು, ಇಷ್ಟು ಸರಳ ಪ್ರಶ್ನೆಗೆ ಹೀಗಾಯಿತಲ್ಲ ಎಂದು ಮರುಗಿದರು. ಪ್ರಮಿಳಾ ರೈಲಿನಲ್ಲಿ ಖಾನಾಪುರ ದಾಟುವವರೆಗೂ ಅಳು ನುಂಗಿಕೊಂಡು ಕೂತಿದ್ದಳು. ಹೋಗಲಿ, ಅವ್ವ ಚೆನ್ನಾಗಿದ್ದರೆ ಸಾಕು ಎಂದು ಮತ್ತೆ ಮತ್ತೆ ಹೇಳಿಕೊಂಡಳು.

ಗುಂಜಿ ಸ್ಟೇಷನ್ನಿನಲ್ಲಿ ಅವ್ವ ಮಾಯವ್ವ ನಿಂತಿದ್ದಳು. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಈ ಹೊತ್ತಿಗೆ ಆಡುಗಳ ಹಿಂದೆ ಇರಬೇಕಾದವಳು.

"ಆಡು ಎಲ್ಲಿ ಬೇ?"

"ದಡ್ಡ್ಯಾಗ ಅದಾವು. ಇವತ್ತ ಬಿಟ್ಟೇ ಇಲ್ಲ." ದನಿ ಪೂರಾ ಒಡೆದಿತ್ತು. "ಈರಣ್ಣನ ಚಾದಂಗಡ್ಯಾಗ ಟಿವಿ ಮುಂದ ಕುಂತಿದ್ದೆ. ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತ?"

"ನೀ ಅಡವ್ಯಾಗ ಅದಿ ಅಂತ ತಿಳಕೊಂಡಿದ್ದೆ."

ಮಾಯವ್ವ ಹಳಿಯ ಕಡೆ ತಿರುಗಿದಳು.

"ನಾ ಒದರಿದೆ," ಎಂದಳು. "ಅಷ್ಟು ಮಂದಿ ಮುಂದ, ಹುಲಿ ಅನ್ನ, ಹುಲಿ ಅನ್ನ ಅಂತ ಒದರಿದೆ. ದನಿ ಬಿತ್ತು ನೋಡು."

ಮನೆಯ ತಿರುವಿಗೆ ಬರುವಾಗಲೇ ಆಡುಗಳ ಕೂಗು ಕೇಳಿಸಿತು. ಬೆಳಗಿನಿಂದ ದಡ್ಡಿಯಲ್ಲೇ ಕೂಡಿಹಾಕಿದ್ದಕ್ಕೆ ಹಸಿದು ಹೋಗಿದ್ದವು. ಪ್ರಮಿಳಾ ಗಡಿಯಾರದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಕುಡುಗೋಲು ತೆಗೆದುಕೊಂಡು ಬೇಲಿಯ ಸೊಪ್ಪು ಕೊಯ್ಯತೊಡಗಿದಳು. ಅವ್ವ ಬಾಜುವಿಗೆ ಬಂದು, ಹಸಿರು ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ನಿಂತಳು.