ಕೆಂಪು ಬಿದ್ದ ಜಾಗ

“ಏಳೇ ಕೆರದೋಳೇ, ಕಿವಿ ಕೇಳಲ್ವಾ? ಕೈಯಾರೆ ಈ ಜಾಗ ಬೇಡ ಅಂತ ಒತ್ತಿ ಬಂದು, ಈಗ ಇಲ್ಲೇ ಕುಂಡೆ ಊರ್ಕೊಂಡು ಕೂತಿದ್ದೀಯಲ್ಲ.”

ಪುರಸಭೆಯ ಗಾರೆ ಮೇಸ್ತ್ರಿ ಹೀಗೆ ಗದರಿದಾಗ ಉಂಗುಷ್ಟದಕ್ಕನ ಬಾಯಲ್ಲಿ ಮೇಣದ ದಾರವಿತ್ತು, ತೊಡೆಯ ಮೇಲೆ ಅರ್ಧ ಹೊಲಿದ ಚಪ್ಪಲಿ. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು, ಆದರೆ ಪೇಟೆ ಬೀದಿಗೆ ಅದು ಯಾಕೆ ಬೇಕು? ಚಪ್ಪಲಿಯಲ್ಲಿ ಹೆಬ್ಬೆರಳು ಹಿಡಿಯುವ ಉಂಗುಷ್ಟ ಕಿತ್ತರೆ ಹೊಲಿಯುವವಳು ಉಂಗುಷ್ಟದಕ್ಕ, ಅಷ್ಟೇ. ಔಷಧಿ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು, ಚರಂಡಿಯ ಚಪ್ಪಡಿ ಮೇಲೆ ಗೋಣಿ ಹಾಸಿ ಮೊದಲು ಅತ್ತೆ ಕೂತಿದ್ದಳು, ಅತ್ತೆ ಹೋದ ಮೇಲೆ ಇವಳು. ಇಬ್ಬರದೂ ಸೇರಿ ನಲವತ್ತು ವರ್ಷ. ಬಸ್ಸಿಳಿದ ಕಾಲುಗಳೆಲ್ಲ ಆ ಮೂಲೆ ದಾಟಿಯೇ ಹೋಗಬೇಕು. ಆ ಜಾಗ ತಪ್ಪಿದರೆ ದಬ್ಬಳ ಹಿಡಿದು ಯಾರ ಮನೆ ಬಾಗಿಲಿಗೆ ಹೋಗಿ ‘ಚಪ್ಪಲಿ ಕಿತ್ತಿದೆಯಾ’ ಎಂದು ಕೇಳುವುದು?

ತಾನು ಬೇಡ ಅಂತ ಯಾವಾಗ ಹೇಳಿದ್ದು ಎಂದು ಅವಳು ಕೇಳಿದಳು. ಮೇಸ್ತ್ರಿ ನೀರಿನ ಡಬ್ಬಿಗೆ ಒದ್ದ. ತೊಗಲು ನೆನೆಹಾಕಿದ್ದ ನೀರು ಗೋಣಿಯ ಮೇಲೆಲ್ಲ ಹರಿಯಿತು. “ಆಫೀಸಲ್ಲಿ ಕೇಳ್ಕೋ ಹೋಗು. ಸೋಮವಾರ ಇಲ್ಲಿ ಕಂಡ್ರೆ ನಿನ್ನನ್ನೂ ಸೇರಿಸಿ ಗಾರೆ ಹಾಕ್ತೀನಿ.”

ಒತ್ತಿದ್ದಂತೂ ನಿಜ. ಹೋದ ತಿಂಗಳು ಪುರಸಭೆಯವರು ಬೀದಿಯವರನ್ನೆಲ್ಲ ಕರೆದು ಸಭೆ ಮಾಡಿದ್ದರು. ಪೇಟೆ ಬೀದಿ ಹೇಗಿರಬೇಕೆಂದು ಇನ್ನು ಮೇಲೆ ಜನರೇ ಹೇಳುವುದಂತೆ, ಅದರಂತೆ ಸರಿಮಾಡುವುದಂತೆ. ತನ್ನನ್ನೂ ಕರೆದರಲ್ಲ ಎಂದು ಅಕ್ಕನಿಗೆ ಹಿಗ್ಗೋ ಹಿಗ್ಗು. ಕೆಲಸ ಬಿಟ್ಟು, ಒಗೆದ ಸೀರೆ ಉಟ್ಟು ಹೋದಳು. ಗೋಡೆ ತುಂಬ ಬೀದಿಯ ನಕ್ಷೆ. ಒಬ್ಬೊಬ್ಬರ ಕೈಗೂ ಐದು ಹಸಿರು, ಐದು ಕೆಂಪು ಅಂಟುಚುಕ್ಕೆ ಕೊಟ್ಟು ಸಭೆ ನಡೆಸುತ್ತಿದ್ದ ಮೇಡಂ ಹೇಳಿದಳು: ಚೆನ್ನಾಗಿರುವ ಕಡೆ ಹಸಿರು ಅಂಟಿಸಿ, ಬದಲಾವಣೆ ಬೇಕಾದ ಕಡೆ ಕೆಂಪು.

ಕೆಂಪು ಅಂದರೆ ಏನೆಂದು ಅಕ್ಕನಿಗೆ ಯಾರಾದರೂ ಹೇಳಿಕೊಡಬೇಕೇ? ಗಿರಾಕಿ ಜೋಡು ಬಿಟ್ಟುಹೋದರೆ, ಹೊಲಿಗೆ ಬೀಳಬೇಕಾದ ಕಡೆ ಕೆಂಪು ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಅತ್ತೆ ಕಲಿಸಿದ ಮೊದಲ ಪಾಠ. ಕೆಂಪು ಬಿದ್ದ ಜೋಡು ಎಸೆಯುವ ಜೋಡಲ್ಲ, ಉಳಿಸುವ ಜೋಡು. ಅವಳ ಜಾಗದ ಚಪ್ಪಡಿ ಬಿರುಕು ಬಿಟ್ಟು ವರ್ಷವಾಗಿತ್ತು, ಸಂದಿಯಿಂದ ಹುಳ ಹತ್ತಿ ಬರುತ್ತಿದ್ದವು. ನಕ್ಷೆಯಲ್ಲಿ ಔಷಧಿ ಅಂಗಡಿ ಎಲ್ಲಿದೆ ಎಂದು ಕೇಳಿ ತಿಳಿದು, ಅದರ ಮುಂದೆ ಒಂದು ಕೆಂಪು ಅಂಟಿಸಿದಳು. ಒಂದಕ್ಕೆ ಇವರು ಎಲ್ಲಿ ಕಣ್ಣು ಬಿಡುತ್ತಾರೆ ಎಂದುಕೊಂಡು ಮಿಕ್ಕ ನಾಲ್ಕನ್ನೂ ಅಲ್ಲೇ ಒತ್ತಿದಳು.

ಆಫೀಸಿನಲ್ಲಿ ಮೇಡಂ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಕಡತ ತೆಗೆದು, ಇಡೀ ಬೀದಿಯಲ್ಲಿ ಅತಿ ಹೆಚ್ಚು ಕೆಂಪು ಬಿದ್ದಿರುವುದು ಆ ಮೂಲೆಗೇ ಎಂದು ಬೆರಳಿಟ್ಟು ತೋರಿಸಿದಳು.

“ಐದೂ ನನ್ನವೇ ಕಣಮ್ಮ. ರಿಪೇರಿ ಮಾಡಿ ಅಂತ ಒತ್ತಿದ್ದು.”

“ಕೆಂಪು ಅಂದ್ರೆ ತೆರವು ಅಂತ ನಕ್ಷೆ ಕೆಳಗೇ ಬರೆದಿತ್ತಲ್ಲ?”

“ನನಗೆಲ್ಲಿ ಓದೋಕೆ ಬರುತ್ತೆ?”

ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕನೆ ನಕ್ಕು, ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಾಳೆ ಎಂದ. ಮೇಡಂ ಅವನನ್ನು ಕಣ್ಣಲ್ಲೇ ಗದರಿ, ಇದು ತನ್ನ ತೀರ್ಮಾನವಲ್ಲ, ಜನರ ತೀರ್ಮಾನ, ಜನ ಹೇಳಿದ್ದನ್ನು ತಾನೊಬ್ಬಳು ತಿದ್ದುವುದು ಹೇಗೆ ಎಂದಳು.

“ಆ ಜನ ಅಂದ್ರೆ ನಾನೇ ಅಲ್ವೇನಮ್ಮ?”

ಮೇಡಂ ಕಡತ ಮುಚ್ಚಿದಳು. ಮಾರುಕಟ್ಟೆಯ ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ ಜಾಗ ಕೊಡಿಸುತ್ತೇನೆ, ಅರ್ಜಿ ಬರೆಸಿ ತನ್ನಿ ಎಂದಳು. ಕಿತ್ತ ಚಪ್ಪಲಿ ಹಾಕಿಕೊಂಡು ಯಾವ ಪುಣ್ಯಾತ್ಮ ನೆಲಮಾಳಿಗೆಗೆ ಇಳಿದು ಬರುತ್ತಾನೆ? ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೀದಿಗೆ ಮರಳಿ, ಆಫೀಸಿನವರಿಗೆ ಒಂದು ಮಾತು ಹೇಳಿ ಎಂದು ಔಷಧಿ ಅಂಗಡಿಯವನನ್ನು ಬೇಡಿದಳು. ಅವನು, ನನಗೂ ಬೇಜಾರೇ ಅಕ್ಕ, ಆದರೆ ಸಭೆಯ ಮಾತು ಮೀರೋಕಾಗುತ್ತಾ ಎಂದು ಒಳಗೆ ಹೋಗಿ ಮಾತ್ರೆ ಎಣಿಸತೊಡಗಿದ.

ಸೋಮವಾರ ಚಪ್ಪಡಿ ಹೊಸದಾಯಿತು. ಅಂಥ ಗಟ್ಟಿ ಚಪ್ಪಡಿಯನ್ನು ಅತ್ತೆ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದರ ಮೇಲೆ ನಾಲ್ಕು ಜನ ಕೂರುವ ಬೆಂಚು ಬಂತು, ಕಾಯಲು ಒಬ್ಬ ಕಾವಲಿನವನೂ ಬಂದ. ಚೀಲ ಹಿಡಿದು ಬಂದ ಅಕ್ಕನನ್ನು ಅವನು ತಡೆದ. “ಕೂರೋದಾದ್ರೆ ಕೂರು, ಸಾರ್ವಜನಿಕರಿಗೆ ಅಂತಾನೇ ಹಾಕಿರೋದು. ದಬ್ಬಳ ಹೊರಗೆ ತೆಗೆದ್ರೆ ಮಾತ್ರ ನೋಡು.”

ಅವಳು ದಬ್ಬಳ ತೆಗೆಯಲಿಲ್ಲ. ಬೆಂಚಿನ ನಟ್ಟನಡುವೆ ಹೋಗಿ ಕೂತಳು. ಮಾರನೆ ದಿನವೂ ಬಂದಳು, ಅದರ ಮಾರನೆ ದಿನವೂ. ಬಸ್ಸಿಗೆ ಕಾಯುವವರು ಬೆಂಚಿನ ತನಕ ಬಂದು, ಯಾರು ಕೂತಿದ್ದಾರೆಂದು ನೋಡಿ, ಗೋಡೆ ಕಡೆ ಸರಿಯುತ್ತಿದ್ದರು. ಬಿಸಿಲಲ್ಲಿ ಮಂಡಿ ನಡುಗುತ್ತಿದ್ದ ಒಬ್ಬ ಹಿರಿಯರು ಮಾತ್ರ ಕೇಳಿಯೇಬಿಟ್ಟರು:

“ಸ್ವಲ್ಪ ಎದ್ದೇಳ್ತೀಯೇನಮ್ಮ, ಕೂತ್ಕೋಬೇಕು.”

“ಕೂತ್ಕೊಳ್ಳಿ ಸ್ವಾಮಿ. ಈ ಕಡೆ ಜಾಗ ಇದೆ, ಆ ಕಡೆನೂ ಇದೆ.”

ಹಿರಿಯರು ಈ ಕಡೆ ನೋಡಿದರು, ಆ ಕಡೆ ನೋಡಿದರು. ಬಸ್ಸು ಬರುವವರೆಗೂ ಅವರು ನಿಂತೇ ಇದ್ದರು. ಅವಳು ಕೂತೇ ಇದ್ದಳು.